ಟೇಪ್ ರೆಕಾರ್ಡರಿನ ಕುಂಕುಮ

ಸ್ನೇಹಿತರೇ, ಸಿಂಗಪುರದಲ್ಲಿ ಪ್ರವಾಸಿಗರು ಕೊಂಡ ಸಾಮಾನಿನ ಮಾರಾಟ ತೆರಿಗೆಯನ್ನು ಹೊರಡುವಾಗ ವಾಪಸ್ ಕೊಡುತ್ತಾರೆ. ಆದರೆ ಸಾಮಾನು ಬಳಸಿರಬಾರದು. ಇವತ್ತು ಬೆಳಿಗ್ಗೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ನಮ್ಮ ಹೊಸ ಟೇಪ್ ರೆಕಾರ್ಡರಿನ ಡಬ್ಬಿ ತೆರೆಸಿದ ತಮಿಳು ಅಧಿಕಾರಿಣಿ ಹುಬ್ಬು ಗಂಟಿಕ್ಕಿದರು. ಅದರ ನೆತ್ತಿಯ ಮೇಲೆ ಅರಿಶಿನ, ಕುಂಕುಮ. ನನ್ನ ಹೆಂಡತಿ ಹೋಟೆಲಿನಲ್ಲೇ ಪೂಜೆ ಮುಗಿಸಿದ್ದಳು.

"ಬಳಸಿಬಿಟ್ಟಿದ್ದೀರಲ್ಲ?" ಎಂದು ಆಕೆ ತಮಿಳಿನಲ್ಲಿ ಕೇಳಿದರು.

"ಪೂಜೆ ಮಾಡ್ದೆ ಹೆಂಗಮ್ಮಾ ಬಳಸೋದು? ಇನ್ನೂ ಒಂದು ಹಾಡೂ ಹಾಕಿಲ್ಲ," ಎಂದಳು ಇವಳು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ತಮಿಳು ನೇಕಾರರಿಂದ ಕಲಿತ ನನ್ನ ಹರಕು ತಮಿಳಿನಲ್ಲಿ ನಾನು ಅದನ್ನೇ ಹೇಳಿದೆ. "ನಮ್ಮಮ್ಮನೂ ಹೀಗೇ," ಎಂದು ಆಕೆ ನಕ್ಕು ಮುದ್ರೆ ಒತ್ತಿದರು.

ಮಧ್ಯಾಹ್ನ ಬೆಂಗಳೂರಿನಲ್ಲಿ ಇಳಿದಾಗ ಸುಂಕದ ಸಾಹೇಬರು ಅದೇ ಡಬ್ಬಿ ತೆರೆಸಿದರು. ಇಲ್ಲಿ ಹೊಸ ಸಾಮಾನಿಗೆ ಸುಂಕ, ಬಳಸಿದ್ದಕ್ಕಿಲ್ಲ. ಕುಂಕುಮ ನೋಡಿದವರೇ, "ಓ, ಮನೇಲಿ ಬಳಸಿದ್ದಾ? ಹೊರಡಿ ಯಜಮಾನ್ರೇ," ಎಂದರು.

"ಇಲ್ಲ ಸಾರ್, ಇನ್ನೂ ಒಂದು ಹಾಡೂ..." ಎಂದು ಇವಳು ಶುರುಮಾಡಿದಳು. ನಾನು ಮೆಲ್ಲಗೆ ಅವಳ ಕಾಲು ತುಳಿದೆ.

ಆ ತಾಯಿಗೂ ಈ ಸಾಹೇಬರಿಗೂ ನಾನು ಋಣಿ. ಎಲ್ಲರಿಗಿಂತ ಹೆಚ್ಚಾಗಿ ಹೆಂಡತಿಗೆ, ಮದುವೆಯಾದಂದಿನಿಂದ ಮೊದಲ ಸಲ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದಕ್ಕೆ.