ವಿಭೂತಿಯ ಮೇಲಿನ ಕರಿ ಚುಕ್ಕೆ

ಮಠಕ್ಕೆ ಕಳಿಸಿದ್ದ ವಿಭೂತಿಯ ಬುಟ್ಟಿ ಹಿಂದಕ್ಕೆ ಬಂದದ್ದು ಒಂದು ಸೋಮವಾರ, ನಾನು ಅವರೆಕಾಳು ಹಿಸುಕುತ್ತಾ ಕೂತಿದ್ದ ಹೊತ್ತಿನಲ್ಲಿ. ಸೋಮವಾರವೆಂದು ನೆನಪಿರುವುದು ಅತ್ತೆಗೆ ಅವತ್ತು ಒಪ್ಪತ್ತು ಇದ್ದದ್ದರಿಂದ. ಹೊಳವನಹಳ್ಳಿಯ ಆಚೆ ಇದ್ದ ಮಠದ ಆಳು ಬುಟ್ಟಿಯನ್ನು ಜಗುಲಿಯ ಮೇಲಿಟ್ಟು, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ, "ಅಯ್ಯನೋರು ಈ ಸಲದ್ದು ಬ್ಯಾಡ ಅಂದವ್ರೆ ಕಣಮ್ಮ. ಚುಕ್ಕೆ ಐತಂತೆ" ಎಂದವನು ಬಿಸಿಲಲ್ಲೇ ಹೊರಟುಬಿಟ್ಟ.

ಅತ್ತೆಯ ಎರಡು ಕಣ್ಣಿಗೂ ಆಗಲೇ ಪೊರೆ ಬಂದಿತ್ತು. ಗಟ್ಟಿಯೊಂದನ್ನು ಎತ್ತಿ ಬೆರಳಲ್ಲಿ ಸವರಿದರು, ಮೂಗಿನ ಹತ್ತಿರ ಹಿಡಿದರು. "ನುಣುಪಾಗೈತೆ. ಎಂಥ ಚುಕ್ಕೆ? ನೋಡಿ ಹೇಳೇ" ಎಂದರು.

ನೋಡಿದೆ. ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿದ್ದ ಗಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಏಳೆಂಟು. ಕಳಿಸುವಾಗ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೇಳಿದೆ. ಅವರು ಕೈಯಲ್ಲಿದ್ದ ಗಟ್ಟಿಯನ್ನು ಬುಟ್ಟಿಗೆ ಹಾಕಿ, "ಇನ್ನೊಂದ್ಸಲ ವಾಪಸ್ ಬಂದ್ರೆ ನಾನು ಗೂಡು ಹಚ್ಚಕಿಲ್ಲ. ಕೈ ತೊಳ್ಕಂಡ್ಬುಡ್ತೀನಿ" ಎಂದರು. ಮುಂದಿನ ಬುಟ್ಟಿ ಹೋಗಬೇಕಾಗಿದ್ದುದು ಶಿವರಾತ್ರಿಗೆ.

ವಿಭೂತಿ ಮಾಡುವುದು ನಮ್ಮ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಬಂದ ಕೆಲಸ. ಹಸುವಿನ ಸಗಣಿಯ ಬೆರಣಿಯನ್ನು ಹಿತ್ತಲ ಗೂಡಿನಲ್ಲಿ ಒಟ್ಟಿ ಬೆಂಕಿ ಕೊಡಬೇಕು. ಉರಿ ಏಳಬಾರದು, ಎರಡು ದಿನ ಒಳಗೊಳಗೇ ಬೇಯಬೇಕು. ಆಮೇಲೆ ಬೂದಿಯನ್ನು ನೀರಿನಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ತಳದಲ್ಲಿ ಕೂತದ್ದನ್ನು ಗಟ್ಟಿ ಕಟ್ಟಿ ಮಾಳಿಗೆಯ ಮೇಲೆ ಒಣಗಿಸಬೇಕು. ಹದವೆಲ್ಲಾ ಅತ್ತೆಯ ಬೆರಳಿನಲ್ಲಿತ್ತು. ಕಣ್ಣು ಮಂಜಾದ ಮೇಲೂ ಅವರು ಬಿಡದೆ ಹಿಡಿದುಕೊಂಡಿದ್ದದ್ದು ಅದೊಂದನ್ನೇ. ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟಿದ್ದರು, ಗೂಡಿನ ಹತ್ತಿರ ಮಾತ್ರ ಸೇರಿಸುತ್ತಿರಲಿಲ್ಲ.

ಚುಕ್ಕೆ ಎಲ್ಲಿಂದ ಬಂತು ಎನ್ನುವುದರಲ್ಲಿ ಆಗ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಬೀದಿಯ ಹಿಂದೆ ಎರಡು ವರ್ಷದ ಕೆಳಗೆ ಎಣ್ಣೆ ಗಿರಣಿ ಎದ್ದಿತ್ತು. ಪಾವಗಡದ ಕಡೆಯಿಂದ, ಶಿರಾದ ಹುಲಿಕುಂಟೆಯ ಕಡೆಯಿಂದ ಗಾಡಿಗಟ್ಟಲೆ ಕಡಲೆಕಾಯಿ ಬರುತ್ತಿತ್ತು. ಬೀಜ ಎಣ್ಣೆಗೆ, ಸಿಪ್ಪೆ ಬಾಯ್ಲರಿನ ಒಲೆಗೆ. ತಗಡಿನ ಚಿಮಣಿ ನಮ್ಮ ಮಾಳಿಗೆಗಿಂತ ಒಂದಾಳು ಎತ್ತರ ಇದ್ದೀತು. ದೇಶದಲ್ಲಿ ಕೈಗಾರಿಕೆ ಬೆಳೆಯಬೇಕು ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಗಿರಣಿ ಬಂದಾಗ ಆರತಿ ತಟ್ಟೆ ಹಿಡಿದು ನಿಂತವರಲ್ಲಿ ನಾನೂ ಒಬ್ಬಳು.

ದೇವಸ್ಥಾನದ ಪೂಜೆ ಮಾಡುತ್ತಿದ್ದ ನಮ್ಮ ಮನೆಯವರು ಮುನಿಸಿಪಾಲಿಟಿಗೆ ಅರ್ಜಿ ಬರೆದರು. ತಿಂಗಳ ಮೇಲೆ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಇನ್ನೂ ಚಿಕ್ಕ ವಯಸ್ಸು. ತಲೆಯಿಂದ ತೆಗೆದ ಟೋಪಿಯನ್ನು ಜಗುಲಿಯಲ್ಲಿಡುವುದೋ ಒಳಗಿಡುವುದೋ ತಿಳಿಯದೆ ಕೈಯಲ್ಲಿ ಹಿಡಿದು ನಿಂತಿದ್ದರು.

"ಗಿರಣಿಯವರು ತಮ್ಮ ಹೊಗೆ ನೆಟ್ಟಗೆ ಬೆಟ್ಟದ ಕಡೆ ಹೋಗುತ್ತೆ ಅಂತಾರೆ. ನೀವು ನಿಮ್ಮ ಮಾಳಿಗೆಗೆ ಬರುತ್ತೆ ಅಂತೀರಿ. ನಾನು ಮೇಲಿನವರಿಗೆ ಏನಂತ ಬರೀಲಿ? ಅಳತೆ ಕೇಳ್ತಾರೆ" ಎಂದರು.

ಅತ್ತೆ ಕಂಬಕ್ಕೆ ಒರಗಿಕೊಂಡೇ, "ಹೊಗೇನ ಯಾತ್ರಲ್ಲಿ ಅಳೀತೀಯಪ್ಪಾ, ಸೇರಿನಾಗೋ ಪಾವಿನಾಗೋ?" ಎಂದರು.

ಇನ್ಸ್‌ಪೆಕ್ಟರು ನಕ್ಕು, ಹಿಂದಕ್ಕೆ ಬಂದಿದ್ದ ಬುಟ್ಟಿಯಿಂದ ಒಂದು ಗಟ್ಟಿ ತೆಗೆದರು. ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿ, "ಇದರಲ್ಲೇ ಅಳೀಬಹುದಲ್ಲಾ ಅಜ್ಜಿ" ಎಂದರು. ಉಪಾಯ ಇಷ್ಟೇ. ದಿನವೂ ಬೆಳಿಗ್ಗೆ ಚುಕ್ಕೆಯಿಲ್ಲದ ಒಂದು ಗಟ್ಟಿಯನ್ನು ತಟ್ಟೆಯಲ್ಲಿ ಮಾಳಿಗೆಯ ಮೂಲೆಗಿಡುವುದು. ದೀಪ ಹಚ್ಚುವ ಹೊತ್ತಿಗೆ ಇಳಿಸಿ ಚುಕ್ಕೆ ಎಣಿಸುವುದು. ಗಿರಣಿ ನಡೆಯಿತೇ, ಹೊಗೆ ಕರಿಯೋ ಬಿಳಿಯೋ, ಯಾವ ಕಡೆಗೆ ಹೋಯಿತು ಎಂದು ಬರೆದಿಡುವುದು. ಮನೆಯಲ್ಲಿ ಹಗಲೆಲ್ಲಾ ಇದ್ದು ಬರೆಯಬಲ್ಲವಳು ನಾನೊಬ್ಬಳೇ. ಅವರು ಒಂದು ನೋಟುಬುಕ್ಕು ಕೊಟ್ಟುಹೋದರು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ಕಾಗದ ಸಿಗುತ್ತಿರಲಿಲ್ಲ. ಅಂಗಡಿಯವರು ಮೆಣಸನ್ನು ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಹಾಗಿರುವಾಗ ಅರ್ಧ ಸಾಲು ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಉಳಿದ ಜಾಗದಲ್ಲಿ ಮನೆಯ ವಿಷಯ ಬರೆದೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

"ಗಿರಣಿ ನಡೆದಿದೆ. ಹೊಗೆ ಬಹಳ ಕರಿ. ನಮ್ಮ ಕಡೆಗೇ ಬಂತು. ಚುಕ್ಕೆ ನಾಲ್ಕು. ಸೊಪ್ಪಿನ ಸಾರು. ಎಮ್ಮೆ ಒದ್ದಿತು."

"ಗಿರಣಿ ನಡೆದಿದೆ. ಹೊಗೆ ಕಾಣಲೇ ಇಲ್ಲ. ಚುಕ್ಕೆ ಹದಿನೇಳು. ಅತ್ತೆಗೆ ಮಂಡಿನೋವು."

"ಗಿರಣಿಯ ಬೆಲ್ಟು ಹರಿದು ನಿಂತಿದೆ. ಚುಕ್ಕೆ ಇಪ್ಪತ್ತೆರಡು. ಗೂಡು ಹಚ್ಚಿದೆವು. ಹುರುಳಿ ಬಸ್ಸಾರು."

ಒಂದು ವಾರ ಕಳೆಯುವಷ್ಟರಲ್ಲಿ ನನ್ನ ತಲೆ ಕೆಟ್ಟಿತ್ತು. ಕರಿ ಹೊಗೆ ತಲೆಯ ಮೇಲೇ ಹಾದುಹೋದ ದಿನ ಗಟ್ಟಿ ಬೆಳ್ಳಗಿರುತ್ತಿತ್ತು, ಆಕಾಶ ತಿಳಿಯಾಗಿದ್ದ ದಿನ ತುಂಬಾ ಚುಕ್ಕೆ. ದಿಕ್ಕು ಬರೆಯೋಣವೆಂದರೆ ನಮ್ಮ ಊರಿನ ಬೆಟ್ಟ ಬಿಡದು. ಇಡೀ ಊರಿನ ಬೆನ್ನಿಗೆ ನಿಂತ ಒಂದೇ ಬಂಡೆ. ಹೊಗೆ ಅಲ್ಲಿಯವರೆಗೆ ಹೋಗಿ ಬಂಡೆಗೆ ತಾಗಿ, ಒಂದು ದಿನ ಮೇಲಕ್ಕೆ ಹತ್ತುತ್ತದೆ, ಒಂದು ದಿನ ಪಕ್ಕಕ್ಕೆ ಹರಿಯುತ್ತದೆ, ಒಂದು ದಿನ ಮರೆತದ್ದೇನೋ ನೆನಪಾದಂತೆ ತಿರುಗಿ ಊರಿಗೇ ಬರುತ್ತದೆ. ಯಾವ ಕಡೆಗೆ ಹೋಯಿತು ಎಂದು ಬರೆಯಲಿ?

ಗಿರಣಿಯ ಬಾಯ್ಲರಿಗೆ ಸಿಪ್ಪೆ ಹಾಕುವವನು ಬಲಸಮುದ್ರದ ಕಡೆಯವನು, ಮನೆಮಾತು ತೆಲುಗು. ಬೆಂಕಿ ಹಚ್ಚುವ ಮೊದಲು ದಿನವೂ ನಮ್ಮ ಬಾಗಿಲಿಗೆ ಬಂದು ಅತ್ತೆಯ ಕೈಯಿಂದ ಒಂದು ಚಿಟಿಕೆ ವಿಭೂತಿ ಇಸಿದುಕೊಳ್ಳುತ್ತಿದ್ದ. ಅತ್ತೆ ಅದನ್ನು ತಪ್ಪಿಸುತ್ತಲೂ ಇರಲಿಲ್ಲ, ಬೈಯದೆ ಕೊಡುತ್ತಲೂ ಇರಲಿಲ್ಲ.

"ಲೇ, ನನ್ ವಿಭೂತಿ ಬಳ್ಕಂಡೋಗಿ ನನ್ ವಿಭೂತಿ ಮ್ಯಾಲೇ ಮಸಿ ಉಗೀತೀಯಲ್ಲೋ!"

"ಏಮಿ ಚೇಸೇದಮ್ಮಾ, ಏನ್ ಮಾಡ್ಲಿ! ಸಿಪ್ಪೆ ಹಾಕ್ದಿದ್ರೆ ಮಿಷನ್ನು ನಿಲ್ತದೆ, ಮಿಷನ್ನು ನಿಂತ್ರೆ ನನ್ ಹೊಟ್ಟೆ ನಿಲ್ತದೆ."

ನನ್ನ ಗೊಂದಲವನ್ನು ಅವನಿಗೇ ಹೇಳಿದೆ. ಅವನು ಹಣೆಗೆ ಹಚ್ಚಿಕೊಳ್ಳುತ್ತಾ, "ಹೊಗೆ ನೋಡ್ಬೇಡ ತಾಯಿ. ಹಸಿ ಸಿಪ್ಪೆ ಹಾಕಿದ್ರೆ ಹೊಗೆ ಕರಿ, ಕೆಮ್ಮು ನಂಗೆ. ಒಣಗಿದ್ದು ಹಾಕಿದ್ರೆ ಹೊಗೇನೇ ಇಲ್ಲ, ಸುಟ್ಟ ಚೂರು ಹಾರ್ತದೆ ನಿಂಗೆ" ಎಂದ. ಅದನ್ನೂ ಬರೆದೆ. ಆದರೆ ಬೆಲ್ಟು ಹರಿದಿದ್ದ ದಿನದ ಇಪ್ಪತ್ತೆರಡು ಈ ಲೆಕ್ಕಕ್ಕೂ ಸಿಗಲಿಲ್ಲ.

ತಿಂಗಳು ಮುಗಿದು ಇನ್ಸ್‌ಪೆಕ್ಟರು ಬಂದರು. ಪುಸ್ತಕ ಓದುತ್ತಾ ಎಮ್ಮೆ ಒದ್ದ ಕಡೆ ನಕ್ಕರು. ಆಮೇಲೆ ನಗು ನಿಂತಿತು. ಹಾಳೆಗಳನ್ನು ಹಿಂದೆ ಮುಂದೆ ತಿರುವಿ ಪೆನ್ಸಿಲ್ಲಿನಲ್ಲಿ ಅಲ್ಲಲ್ಲಿ ಗುರುತು ಹಾಕಿದರು.

"ಅಮ್ಮಾ, ಈ 'ಗೂಡು ಹಚ್ಚಿದೆವು' ಅಂದರೇನು?"

ಅಷ್ಟು ಆಸ್ಥೆಯಿಂದ ಕೇಳುತ್ತಿದ್ದಾರಲ್ಲಾ ಎಂದು ಸಂತೋಷವಾಗಿ ನಾನು ಹಿತ್ತಲಿಗೆ ಕರೆದುಕೊಂಡು ಹೋದೆ. ಗೂಡು ತೋರಿಸಿದೆ, ಬೆರಣಿ ಒಟ್ಟುವ ಬಗೆ ಹೇಳಿದೆ.

"ಇದಕ್ಕೂ ಹೊಗೆ ಬರುತ್ತಾ?"

"ಬರದೆ ಇರುತ್ತದೆಯೇ, ಎರಡು ದಿನ ಬಿಡದೆ ಹೊಗೆಯಾಡುತ್ತೆ" ಎಂದೆ. ಹೇಳಿ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಕಂಡಿತು.

"ನಾಲ್ಕು ಸಲ ಗೂಡು ಹಚ್ಚಿದ್ದೀರಿ. ನಾಲ್ಕು ಸಲವೂ ಚುಕ್ಕೆ ಹೆಚ್ಚು" ಎಂದರು ಇನ್ಸ್‌ಪೆಕ್ಟರು.

"ಗೂಡು ಹಚ್ಚದ ದಿನವೂ ಹದಿನೇಳು ಇದೆಯಲ್ಲ?" ಎಂದೆ.

"ಅದೂ ಇದೆ" ಎಂದು ಅವರು ಟೋಪಿಯ ಅಂಚು ತಿರುಗಿಸಿದರು. "ನನಗೂ ತಿಳೀತಾ ಇಲ್ಲ ಅಮ್ಮಾ. ಆದರೆ ನೀವು ಬರೆದಿದ್ದನ್ನ ನಾನು ಬಿಡೋ ಹಾಗಿಲ್ಲ."

ಅವರು ಹೋದ ಮೇಲೆ, ಎಣಿಸಿ ಎತ್ತಿಟ್ಟಿದ್ದ ಗಟ್ಟಿಗಳಿಂದ ಎರಡು ಚುಕ್ಕೆಗಳನ್ನು ಆರಿಸಿಕೊಂಡೆ. ಒಂದು ಗೂಡು ಹಚ್ಚಿದ ದಿನದ್ದು, ಒಂದು ಗಿರಣಿ ನಡೆದ ದಿನದ್ದು. ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿದೆ. ಎರಡೂ ಒಂದೇ ಬಣ್ಣದಲ್ಲಿ ಎಳೆದುಕೊಂಡವು. ನೆಲದ ಮೇಲೆ ಬಿಟ್ಟಿದ್ದರೆ ಯಾವುದು ಯಾವುದೆಂದು ನನಗೇ ಗೊತ್ತಾಗುತ್ತಿರಲಿಲ್ಲ.

ನೋಟೀಸು ಎರಡು ಬಂದವು, ಒಂದೇ ದಿನ, ಒಂದೇ ಜವಾನನ ಕೈಯಲ್ಲಿ. ಗಿರಣಿಗೆ: ಚಿಮಣಿ ಎತ್ತರಿಸಬೇಕು, ಬಾಯಿಗೆ ತಂತಿಬಲೆ ಹಾಕಬೇಕು. ನಮಗೆ: ಊರೊಳಗೆ ಬೆರಣಿ ಗೂಡು ಹಚ್ಚಕೂಡದು. ನಮ್ಮ ಮನೆಯವರು ಎರಡು ಸಲ ಓದಿ ಹೇಳಿದರು. ಅತ್ತೆ ಎರಡನೆಯ ಸಲವೂ ಮೊದಲನೆಯ ಸಲದಷ್ಟೇ ಗಮನವಿಟ್ಟು ಕೇಳಿದರು.

"ಕಡ್ಲೇಕಾಯ್ ಸಿಪ್ಪೆ ಹೊಗೆಗೂ ಶಿವನ ವಿಭೂತಿ ಹೊಗೆಗೂ ಒಂದೇ ಕಾಗ್ದವಾ?" ಎಂದು ಕೇಳಿ, ಆಮೇಲೆ ನನ್ನ ಕಡೆ ತಿರುಗಿದರು. "ಸಾರು ಬರ್ಕ, ಎಮ್ಮೆ ಬರ್ಕ. ನಮ್ ಗೂಡು ಯಾಕೆ ಬರ್ದೆ? ಒಲೆಗಾಕು ಆ ಪುಸ್ತಕಾನ."

ಹಾಕಿದರೆ ಅದಕ್ಕೂ ಹೊಗೆ ಬರುತ್ತದಲ್ಲಾ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಮೂರು ದಿನ ಅವರು ಮಾತಾಡಲಿಲ್ಲ. ನಾನು ತಪ್ಪು ಮಾಡಿದೆನೇ? ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬರೆಯದೆ ಬಿಟ್ಟಿದ್ದರೆ ಅದೂ ಸುಳ್ಳಾಗುತ್ತಿರಲಿಲ್ಲ. ಸೌದೆ ಒಲೆಯ ಮುಂದೆ ಕೂತು ಯೋಚಿಸುವಾಗ, ಈ ಒಲೆಯ ಹೊಗೆಯನ್ನು ನಾನು ಒಂದು ದಿನವೂ ಬರೆದಿಲ್ಲವಲ್ಲಾ ಎನ್ನುವುದು ಹೊಳೆಯಿತು. ಬೀದಿಯ ಉದ್ದಕ್ಕೂ ಇರುವ ಒಲೆಗಳೆಲ್ಲಾ ನೆನಪಾದವು. ಅಲ್ಲಿಂದ ಮುಂದಕ್ಕೆ ಯೋಚನೆ ಹೋಗಲೇ ಇಲ್ಲ. ಅನ್ನ ಸೀದಿತು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ, ಯಾರಿಗೋ ಹೇಳುವ ಹಾಗೆ, "ಕೆರೆ ಹಿಂದ್ಗಡೆ ಹೊಲದಾಗೆ ಹಚ್ಚಬೌದು. ನನ್ ಮಂಡಿ ಅಷ್ಟು ದೂರ ಬರಕಿಲ್ಲ. ನೀನೇ ಹಚ್ಚಬೇಕು" ಎಂದರು. ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲೆ ಗೂಡಿನ ಬೆಂಕಿ ನನ್ನ ಕೈಗೆ ಬಂತು. ಅದೂ ಅವರಿಗೆ ಬೇರೆ ದಾರಿ ಇಲ್ಲದೆ.

ಹೊಲದಲ್ಲಿ ಎರಡು ದಿನ ಕಾದಿದ್ದು ಬೂದಿಯನ್ನು ಮಡಕೆಯಲ್ಲಿ ಹೊತ್ತು ತಂದೆ. ಅತ್ತೆ ಬೆರಳಿಟ್ಟು ನೋಡಿ, "ಸ್ವಲ್ಪ ಜಾಸ್ತಿ ಬೆಂದೈತೆ" ಎಂದರು. ಆದರೂ ಕದಡಲು ಕೂತರು. ಒಣಗಿಸುವುದು ಮಾತ್ರ ಆ ಮಾಳಿಗೆಯ ಮೇಲೇ ಆಗಬೇಕಿತ್ತು. ಗಿರಣಿಯವರು ತಂತಿಬಲೆ ಹಾಕಿದ್ದರು. ಚಿಮಣಿ ಎತ್ತರಿಸಲು ತಗಡು ಸಿಗುತ್ತಿಲ್ಲ, ಎಲ್ಲಾ ಯುದ್ಧಕ್ಕೆ ಹೋಗುತ್ತಿದೆ ಎಂದು ಕೈಚೆಲ್ಲಿದ್ದರು. ಉಳಿದದ್ದನ್ನು ನೋಡಿಕೊಂಡವನು ಸಿಪ್ಪೆ ಹಾಕುವವನೇ. ಬೆಳಿಗ್ಗೆ ವಿಭೂತಿಗೆ ಬಂದಾಗ, "ಈ ಪೊದ್ದು, ಇವತ್ತು, ಎಲ್ಲಾ ಒಣ ಸಿಪ್ಪೆ ತಾಯಿ, ಗಟ್ಟಿ ಇಕ್ಬೇಡ" ಎನ್ನುತ್ತಿದ್ದ. ಇಲ್ಲವೆ, "ಇಕ್ಕು, ಇವತ್ತು ಕೆಮ್ಮು ನಂದು" ಎನ್ನುತ್ತಿದ್ದ. ಅವನು ಹೇಳಿದ ದಿನವೇ ಹರವಿದೆ. ಮೇಲೆ ತೆಳು ಬಟ್ಟೆ ಕಟ್ಟಿದೆ. ಹತ್ತು ದಿನದ ಕೆಲಸಕ್ಕೆ ಇಪ್ಪತ್ತೈದು ದಿನ ಹಿಡಿಯಿತು.

ಶಿವರಾತ್ರಿಗೆ ಇನ್ನೂ ಹತ್ತು ದಿನವಿರುವಾಗ ಬುಟ್ಟಿ ತುಂಬಲು ಕೂತೆವು. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಅತ್ತೆಯ ಕೈಗೆ ಕೊಡುತ್ತಿದ್ದೆ, ಅವರು ಹುಲ್ಲಿನ ನಡುವೆ ಜೋಡಿಸುತ್ತಿದ್ದರು. ಬಹಳ ಹೊತ್ತು ಎಲ್ಲಾ ಬೆಳ್ಳಗೇ ಬಂದವು. ಕೊನೆಯ ಸಾಲಿನಲ್ಲಿ ನನ್ನ ಕೈ ತಡೆಯಿತು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಯಿತು.

"ಐತಾ?"

"ಒಂದು ಇದೆ ಅತ್ತೆ."

"ಯಾರ್ದು?"

ಗೂಡು ಊರಾಚೆ. ಗಿರಣಿಗೆ ಬಲೆ. ಗಟ್ಟಿಯ ಮೇಲೆ ಬಟ್ಟೆ. "ಗೊತ್ತಾಗಲ್ಲ" ಎಂದೆ.

"ಗೊತ್ತಾಗ್ದಿದ್ರೆ ನಂಗಿರ್ಲಿ ಕೊಡು" ಎಂದು ಕೈ ಚಾಚಿದರು. ಅದನ್ನು ಬುಟ್ಟಿಗೆ ಹಾಕದೆ, ಅಲ್ಲೇ ಉಜ್ಜಿ ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡರು.

ಬುಟ್ಟಿ ಹೋಯಿತು. ಆಮೇಲೆ ದಿನವೂ ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಅತ್ತೆ ಮಾತು ನಿಲ್ಲಿಸುತ್ತಿದ್ದರು. ಒಂಬತ್ತನೆಯ ದಿನ ಮಠದ ಆಳು ಬಂದ. ಅದೇ ಬುಟ್ಟಿ, ಮೇಲೆ ಅದೇ ಬಟ್ಟೆ ಮುಚ್ಚಿತ್ತು. ಜಗುಲಿಯ ಮೇಲಿಟ್ಟ. ಬುಟ್ಟಿಗೆ ಕೈ ಹಾಕಿದೆ.

"ಭಾರ ಐತಾ?" ಎಂದು ಒಳಗಿನಿಂದ ಅತ್ತೆ ಕೇಳಿದರು.

ಎತ್ತಿದೆ. ಒಂದೇ ಕೈಯಲ್ಲಿ ಬಂತು. "ಇಲ್ಲ ಅತ್ತೆ, ಖಾಲಿ" ಎಂದೆ. ಮಠದ ಆಳು, "ಮಜ್ಜಿಗೆ ಇದ್ರೆ ಕೊಡ್ರಮ್ಮ, ಬಿಸ್ಲು" ಎನ್ನುತ್ತಾ ಜಗುಲಿಯ ಮೇಲೆ ಕಾಲು ಚಾಚಿ ಕೂತ. ಒಳಗೆ ಅತ್ತೆ, ಬೆರಣಿ ತಟ್ಟಲು ನಾಳೆಗೆ ಸಗಣಿ ಎಷ್ಟಿದೆ ಎಂದು ಕೇಳುತ್ತಿದ್ದರು.