ಅಕ್ಕನಿಗೆ ಸೇರದ ನನ್ನ ಓಟು

ಸರ್ಕಾರಿ ಕವರಿನ ಅಂಟಿಗೆ ಒಂದು ವಾಸನೆಯಿದೆ. ನೀವು ಗಮನಿಸಿರಲಿಕ್ಕಿಲ್ಲ, ಗಮನಿಸಬೇಕಾದ ಕರ್ಮವೂ ನಿಮಗಿಲ್ಲ. ಮೊನ್ನೆ ಮಂಡ್ಯದ ಕಾಲೇಜೊಂದರಲ್ಲಿ, ಪಂಚಾಯಿತಿ ಚುನಾವಣೆಯ ತರಬೇತಿಗೆ ತಂದಿಟ್ಟ ಅಂಚೆ ಮತದ ಕವರುಗಳ ಕಟ್ಟು ಬಿಚ್ಚಿದಾಗ ಅದು ಮೂಗಿಗೆ ಬಡಿಯಿತು. ಎದುರಿಗೆ ಎಪ್ಪತ್ತು ಜನ ಮೇಷ್ಟ್ರುಗಳು, ಗುಮಾಸ್ತರು. ಚುನಾವಣೆ ಕೆಲಸಕ್ಕೆ ಬೇರೆ ಊರಿಗೆ ಹೋಗುವವರು ತಮ್ಮ ಓಟನ್ನು ಅಂಚೆಯಲ್ಲಿ ಹಾಕುವುದು ಹೇಗೆಂದು ಹೇಳಿಕೊಡುವುದು ನನ್ನ ಪಾಲಿನ ಪಾಠ. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಇಲ್ಲಿ ಎಲ್ಲರೂ ಬರೆದುಕೊಳ್ಳುತ್ತಾರೆ.

ಪಾಠವೇನೋ ಸುಲಭ. ಗುರುತು ಹಾಕಿದ ಮತಪತ್ರ ಸಣ್ಣ ಕವರಿಗೆ. ಹಾಕಿದವನು ತಾನೇ ಎಂಬ ಘೋಷಣಾ ಪತ್ರಕ್ಕೆ ಸಹಿ ಮಾಡಿ, ಗೆಜೆಟೆಡ್ ಅಧಿಕಾರಿಯ ಸಹಿ ಮಾಡಿಸಿ, ಅದನ್ನು ಸಣ್ಣ ಕವರಿನ ಹೊರಗೇ ಇಡಬೇಕು. ಎರಡೂ ಸೇರಿ ದೊಡ್ಡ ಕವರಿಗೆ. ಘೋಷಣಾ ಪತ್ರ ಸಿಗದಿದ್ದರೆ ಎಣಿಸುವವರು ಸಣ್ಣ ಕವರನ್ನು ಒಡೆಯುವುದೇ ಇಲ್ಲ. ಪಾಠ ಇಲ್ಲಿಗೆ ಬಂದಾಗ ನಾನು ಪ್ರತಿಸಲವೂ ಒಬ್ಬ ಬುದ್ಧಿವಂತ ಮೇಷ್ಟ್ರ ಕಥೆ ಹೇಳುತ್ತೇನೆ. ಎರಡನ್ನೂ ಸಣ್ಣ ಕವರಿಗೇ ತುರುಕಿ, ಅಂಟು ಬಳಿದು, ಕೈ ಕೊಡವಿಕೊಂಡವನ ಕಥೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನನ್ನ ಅಕ್ಕ ವೈದ್ಯನಾಥಪುರದ ಹತ್ತಿರದ ನಮ್ಮೂರಲ್ಲೇ ಮದುವೆಯಾಗಿ ಉಳಿದವಳು. ಊರಿನ ಸ್ಮಶಾನ ನಾಲೆಯಾಚೆ, ಸೇತುವೆಯಿಲ್ಲ. ಎಷ್ಟೋ ವರ್ಷದ ಹಿಂದೆ ಭಾವ ತೀರಿಕೊಂಡಾಗ ನಾಲೆ ತುಂಬಿತ್ತು. ಚಟ್ಟ ಹೊತ್ತವರಲ್ಲಿ ಒಬ್ಬನ ಕಾಲು ಜಾರಿ ಭಾವನ ತಲೆ ನೀರಿಗೆ ಅದ್ದಿತು. ಅಕ್ಕ ದಡದಲ್ಲಿ ನಿಂತು ಅದನ್ನು ಕಂಡಳು. ಮುಂದಿನ ಚುನಾವಣೆಗೆ, ಯಾರ ಮಾತನ್ನೂ ಕೇಳದೆ, ಪಂಚಾಯಿತಿಗೆ ನಿಂತಳು.

"ನಂಗೆ ಕುರ್ಚಿ ಬ್ಯಾಡ ಕಣ್ಲಾ. ಆ ನಾಲೆ ಮ್ಯಾಕೆ ನಾಕು ಜನ ನಡ್ಯಂಗೆ ಒಂದು ಸೇತ್ವೆ ಆಗ್ಬೇಕು. ನಾನೂ ಅಲ್ಗೇ ಓಗ್ಬೇಕಲ್ವಾ?" ಎಂದಳು.

ನನಗೆ ಮಳವಳ್ಳಿ ಕಡೆ ಡ್ಯೂಟಿ ಬಿತ್ತು. ನಮ್ಮ ವಾರ್ಡಿನಲ್ಲಿ ಅಂಚೆ ಮತ ಹಾಕುವವನು ನಾನೊಬ್ಬನೇ. ಹಿಂದಿನ ದಿನ ತಾನೇ ಇದೇ ಪಾಠ ಮಾಡಿಬಂದಿದ್ದೆ. ಅಕ್ಕನದು ಹೊಲಿಗೆ ಮಿಷನ್ನಿನ ಚಿಹ್ನೆ; ಅದರ ಮುಂದೆ ಗುರುತು ಹಾಕಿದೆ. ನಾನು ಪಾಠ ಮಾಡುವ ಹೈಸ್ಕೂಲಿನ ಹೆಡ್‌ಮೇಷ್ಟ್ರ ಸಹಿ, ಮೊಹರು ಎಲ್ಲ ಆಯಿತು. ಅಕ್ಕನಿಗೆ ಹಾಕಿದ ಓಟಲ್ಲವೇ, ಕಾಗದ ಎಲ್ಲಾದರೂ ಜಾರಿಹೋದರೆ ಎಂಬ ಭಯಕ್ಕೆ ಎರಡನ್ನೂ ಒಟ್ಟಿಗೆ ಮಡಿಚಿ ಸಣ್ಣ ಕವರಿಗೇ ಹಾಕಿ ಭದ್ರವಾಗಿ ಅಂಟಿಸಿದೆ. ಬೇರೆ ಯಾರ ಓಟಾಗಿದ್ದರೂ ಸರಿಯಾಗಿಯೇ ಹಾಕುತ್ತಿದ್ದೆ.

ಎಣಿಕೆ ಮದ್ದೂರಿನಲ್ಲಿ. ಸರ್ಕಾರಿ ನೌಕರ ಏಜೆಂಟಾಗುವಂತಿಲ್ಲವಲ್ಲ, ಗೇಟಿನಾಚೆ ಎಳನೀರು ಗಾಡಿಯ ಪಕ್ಕ ಕಾದಿದ್ದೆ. ಮಧ್ಯಾಹ್ನ ಅಕ್ಕ ಹೊರಗೆ ಬಂದಳು. ಇಬ್ಬರಿಗೂ ಸಮ ಸಮ ಓಟು ಬಿದ್ದು ಚೀಟಿ ಎತ್ತಿದರಂತೆ. ಇನ್ನೊಬ್ಬಳ ಹೆಸರು ಬಂತಂತೆ.

"ಒಂದು ಅಂಚೆ ಓಟು ಬಂದಿತ್ತು ಕಣ್ಲಾ. ಒಳಗ್ಲು ಕವರ್ ಒಡೀನೇ ಇಲ್ಲ, ಅಂಗೇ ಪಕ್ಕಕ್ಕೆ ಮಡಗುದ್ರು. ಆಚ್ಗಡೆ ಕಾಗ್ದ ಇರ್ನಿಲ್ವಂತೆ."

ಅವಳು ನನ್ನ ಮುಖ ನೋಡಲಿಲ್ಲ.

"ಯಾರೋ ಪಾಪ, ಗೊತ್ತಾಗ್ದೆ ಮಾಡವ್ರೆ ಬುಡು. ಎಳ್ನೀರು ಕುಡೀತೀಯಾ?"

ವಾರ್ಡಿಗೆ ನಾನೊಬ್ಬನೇ ಎಂಬುದು ಅವಳಿಗೂ ಗೊತ್ತಿತ್ತು. ನಾನು ಎಳನೀರು ಕುಡಿದೆ. ಆಮೇಲೆ ಎಷ್ಟೋ ಹಬ್ಬಗಳಿಗೆ ಹೋಗಿ ಅವಳು ಬಡಿಸಿದ್ದನ್ನು ಉಂಡೆ. ಇವತ್ತು ಸೊಸೆ ಇದ್ದಾಳೆ, ಇವತ್ತು ನೆಂಟರಿದ್ದಾರೆ ಎಂದು, ನಿಜ ಹೇಳದಿರಲು ನೆಪ ಹುಡುಕಿಕೊಂಡೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಸೇತುವೆ ಆಗಿರಲಿಲ್ಲ. ನಾಲೆಯಲ್ಲಿ ಸೊಂಟದವರೆಗೆ ನೀರು. ಮುಂದಿನ ಹೆಗಲು ನನ್ನದು. ಅವಳು ನೆನೆಯಬಾರದೆಂದು ಚಟ್ಟವನ್ನು ಆದಷ್ಟೂ ಮೇಲಕ್ಕೆತ್ತಿ ಹಿಡಿದೆ. ಆದರೂ ಸೆರಗು ನೆನೆಯಿತು. ಅಷ್ಟು ಜನರೆದುರು ಬಿಕ್ಕಿ ಬಿಕ್ಕಿ ಅತ್ತೆ. ತಮ್ಮನಿಗೆ ಎಷ್ಟು ಪ್ರೀತಿ ಎಂದುಕೊಂಡರು.

ಮೊನ್ನೆಯೂ ಆ ಬುದ್ಧಿವಂತ ಮೇಷ್ಟ್ರ ಕಥೆ ಹೇಳಿದೆ. ಎಂದಿನಂತೆ ನಕ್ಕರು. ಹಿಂದಿನ ಬೆಂಚಿನಿಂದ ಚಿಕ್ಕ ವಯಸ್ಸಿನ ಮೇಡಂ ಒಬ್ಬರು, "ಅಷ್ಟೂ ಗೊತ್ತಾಗ್ನಿಲ್ವಾ ಸಾರ್? ಯಾರ್ ಸಾರ್ ಆ ಮೇಷ್ಟ್ರು?" ಎಂದರು.

"ನಾನೇ ಕಣಮ್ಮ. ನಿಂತಿದ್ದವಳು ನಮ್ಮಕ್ಕ."

ನಗು ನಿಂತಿತು. ಆಕೆ ತಪ್ಪು ಮಾಡಿದವಳಂತೆ ಎದ್ದು ನಿಂತು ಮೆಲ್ಲಗೆ ಕೇಳಿದರು: "ಅಕ್ಕನ್ಗೆ ಹೇಳುದ್ರಾ ಸಾರ್?"

ಇಲ್ಲ ಎಂದೆ. ಕೇಳಬೇಕಾಗಿದ್ದ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು.