ಸ್ವಲ್ಪ ಉಜ್ಜುತ್ತೆ

ನಮ್ಮ ಭಾವನ ಬಾಯಲ್ಲಿ ಎಲ್ಲವೂ ಸ್ವಲ್ಪವೇ. ತಗಡು ಹಾರಿಹೋಗುವಂಥ ಗಾಳಿ ಬೀಸಿದರೂ ಅವರಿಗೆ ಅದು ಸ್ವಲ್ಪ ಗಾಳಿ. ಬೆರಳು ಜಜ್ಜಿ ಉಗುರು ಕಿತ್ತುಬಂದರೆ ಸ್ವಲ್ಪ ಪೆಟ್ಟು. ದೊಡ್ಡ ಟೈರು ಹಾಕಿಸಿಕೊಂಡ ಜೀಪು ತಿರುವಿನಲ್ಲಿ ಎಮ್ಮೆಯ ಹಾಗೆ ಅರಚಿಕೊಂಡರೂ ಆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ‘ಸ್ವಲ್ಪ ಉಜ್ಜುತ್ತೆ’ ಎಂದು ಬರೆದು, ಪಕ್ಕದ ಶೆಡ್ಡಿಗೆ ಕಳಿಸಿ, ತಮ್ಮನ ಕೊರಳಿಗೆ ಕಟ್ಟಿಬಿಡುತ್ತಾರೆ. ಆ ತಮ್ಮನೇ ನನ್ನ ಗಂಡ.

ಒಂದೇ ಸೂರು, ನಡುವೆ ತಗಡಿನ ಗೋಡೆ. ಆ ಕಡೆ ಭಾವ ಟೈರು ಹಾಕುತ್ತಾರೆ. ಈ ಕಡೆ ನಮ್ಮ ಯಜಮಾನರು, ಆ ಟೈರು ಗಾಡಿಯ ಮೈಗೆ ತಾಗದಂತೆ ಗಾಡಿಯ ಮೈಯನ್ನೇ ತಿದ್ದುತ್ತಾರೆ. ಗಾಡಿ ಎತ್ತರವಾಗಿ, ಭರ್ಜರಿಯಾಗಿ ಕಾಣಬೇಕು ಅನ್ನುವುದು ಬಂದವರ ಆಸೆ. ಬೇಡ ಅನ್ನಲು ಭಾವನಿಗೆ ಬಾಯಿ ಬರುವುದಿಲ್ಲ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ, ಚಕ್ರದ ಗೂಡಿನ ಪ್ಲಾಸ್ಟಿಕ್ ಕತ್ತರಿಸಿ, ಮಡ್‌ಗಾರ್ಡಿನ ಒಳಅಂಚನ್ನು ಸುತ್ತಿಗೆಯಿಂದ ಬಡಿದು ಮಡಚುವವರು ಇವರು. ಸಂಜೆ ಮನೆಗೆ ಬಂದರೆ ಬೂಟು ಬಿಚ್ಚಲು ಬಗ್ಗಲಾಗದೆ ಬಾಗಿಲಲ್ಲೇ ನಿಂತಿರುತ್ತಾರೆ. ನಾನು ಬಿಚ್ಚುತ್ತೇನೆ. ನನಗೂ ಸೊಂಟ ಅನ್ನುವುದೊಂದಿದೆ ಎಂದು ಗೊಣಗುತ್ತಲೇ ಬಿಚ್ಚುತ್ತೇನೆ.

ಇವರದೊಂದು ಪದ್ಧತಿ ಇದೆ. ಚಕ್ರದ ಗೂಡಿನ ಒಳಗೆಲ್ಲ ಸೀಮೆಸುಣ್ಣ ಬಳಿಯುವುದು, ಗಾಡಿಗೆ ಭಾರ ಹಾಕಿ ಶೆಡ್ಡಿನ ಹಿಂದಿನ ಗುಂಡಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಯುವುದು. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಟೈರು ಉಜ್ಜಿದೆ ಎಂದು ಅರ್ಥ. ಸುತ್ತಿಗೆ ಬಡಿದೂ ಬಡಿದೂ ಇವರ ಕಿವಿ ಮಂದವಾಗಿದೆ. ಹಾಗಾಗಿ ಮುಂದಿನ ಸೀಟಿನಲ್ಲಿ ಕೂತು ಸದ್ದು ಕೇಳಿಸಿಕೊಳ್ಳುವ ಕೆಲಸ ನನ್ನದು. ಹಿಂದೆ ಕೂತು ಭಾರವಾಗುವ ಕೆಲಸ ಭಾವನದಾಗಿತ್ತು. ಬೀದಿಗೇ ದೊಡ್ಡ ಮೈ ಅವರದು. ಸೀಟಿನ ಮೂಲೆಗೆ ಒರಗಿದರೆ ಜೀಪು ಆ ಕಡೆಗೇ ಕುಸಿಯುತ್ತಿತ್ತು. ಮದುವೆ ಸಂಸಾರದ ಗೋಜಿಗೆ ಹೋಗದೆ ಶೆಡ್ಡಿನ ಹಿಂದಿನ ಕೋಣೆಯಲ್ಲೇ ಇರುವ ಅವರನ್ನು ಎಲ್ಲರೂ ಮೂಟೆಯಣ್ಣ ಎಂದೇ ಕರೆಯುತ್ತಿದ್ದರು. ಅವರೂ ಬೇಸರವಿಲ್ಲದೆ ಓಗೊಡುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅದೆಲ್ಲ ನಿಂತಿತು. ಮಾವ ಭಾವನ ಜೊತೆಗೇ ಇದ್ದರು. ಒಂದು ಮಧ್ಯಾಹ್ನ ಭಾವ ಆಸ್ಪತ್ರೆಯಿಂದ ಫೋನ್ ಮಾಡಿ, ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಬಾ ಎಂದರು. ಇವರು ಆಗ ಯಾರದೋ ಜೀಪಿನ ಅಡಿಯಲ್ಲಿದ್ದರು. ಉಜ್ಜುವ ಟೈರನ್ನು ಅರ್ಧಕ್ಕೆ ಬಿಟ್ಟು ಏಳುವ ಜಾಯಮಾನ ಇವರದಲ್ಲ. ಸ್ವಲ್ಪ ತಾನೇ ಎಂದು ಕೆಲಸ ಮುಗಿಸಿ, ಕೈ ತೊಳೆದುಕೊಂಡು ಹೋಗುವ ಹೊತ್ತಿಗೆ ಮಾವನ ಮುಖದ ಮೇಲೆ ಬಟ್ಟೆ ಹೊದಿಸಿದ್ದರು.

“ಸ್ವಲ್ಪ ಅಂದ್ಯಲ್ಲ” ಎಂದರು ಇವರು, ಎಲ್ಲರ ಎದುರಿಗೇ.

“ಬಾ ಅಂತಾನೂ ಅಂದೆ” ಎಂದರು ಭಾವ.

ಅಷ್ಟೇ. ಅಣ್ಣ ತಮ್ಮ ಮಾತಾಡುವುದು ಅಲ್ಲಿಗೇ ನಿಂತಿತು. ಆಮೇಲೆ ಟೈರಿನ ಮೇಲಿನ ಸೀಮೆಸುಣ್ಣವೇ ಅವರ ಮಾತಾಯಿತು. ಭಾವ ಕೂರುತ್ತಿದ್ದ ಜಾಗದಲ್ಲಿ ಇವರು ಮರಳಿನ ಮೂಟೆ ಇಟ್ಟುಕೊಂಡರು. ಹೊರಗೆ ನಿಂತ ಗಾಡಿಯ ಬಳಿಗೆ ಒಬ್ಬರು ಹೋಗಿ ಬಂದ ಮೇಲೇ ಇನ್ನೊಬ್ಬರು ಹೋಗುವುದು, ಎದುರಾದರೆ ನೆಲ ನೋಡುವುದು. ಇಬ್ಬರಿಗೂ ಹೇಳಿ ಹೇಳಿ ನನ್ನ ಬಾಯಿ ಸೋತುಹೋಯಿತು. ಇಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚುವ ಮೊದಲು ಒಂದು ಮಾತಾಡಿಕೊಳ್ಳಲಿ ಅನ್ನುವುದೊಂದೇ ನನಗೆ ಉಳಿದಿದ್ದ ಆಸೆ.

ಹೀಗಿರುವಾಗ ಸಿಸ್ಟರ್ ಜೀಪು ಬಂತು. ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವ ನರ್ಸು ಅವರು. ದಾರಿಯ ಕಲ್ಲು ಗಾಡಿಯ ಹೊಟ್ಟೆಗೆ ಬಡಿಯುತ್ತದೆ ಎಂದು ದೊಡ್ಡ ಟೈರು ಹಾಕಿಸಿಕೊಂಡಿದ್ದರು, ಪಾಪ, ಶೋಕಿಗಲ್ಲ. ಇವರು ಮರಳು ಮೂಟೆ ಹೇರಿ ನೋಡಿ, ಹಿಂದಿನ ಚಕ್ರದ ಗೂಡಿನ ಅಂಚು ಬಡಿದು ಕಳಿಸಿದರು. ಸಿಸ್ಟರ್ ಮರಳಿ ಬಂದರು: ತಿರುವಿನಲ್ಲಿ ಉಜ್ಜುತ್ತದೆ. ಇನ್ನೊಮ್ಮೆ ಬಡಿದು ಕಳಿಸಿದರು. ಮತ್ತೆ ಬಂದರು. ಇವರು ತಲೆಯೇ ಓಡದವರ ಹಾಗೆ ನಿಂತರು. ನನಗೆ ಗೊತ್ತಿತ್ತು, ಇವರಿಗೂ ಗೊತ್ತಿತ್ತು ಅನ್ನಿ. ಮೂಟೆ ಇಟ್ಟಲ್ಲೇ ಇರುತ್ತದೆ. ತಿರುವಿನಲ್ಲಿ ಮನುಷ್ಯರ ಹಾಗೆ ಒಂದು ಕಡೆಗೆ ವಾಲುವುದಿಲ್ಲ.

ಸಿಸ್ಟರ್‌ಗೂ ಸಾಕಾಗಿತ್ತು. ತಗಡಿನ ಗೋಡೆಯ ಆಚೆಗೂ ಕೇಳುವ ಹಾಗೆ ಹೇಳಿದರು: “ತುಂಬಿದ ಬಸುರೀನ ಹಿಂದೆ ಕೂರಿಸ್ಕೊಂಡು ಬೆಟ್ಟ ಇಳೀಬೇಕು ನಾನು. ಹಾಕಿದ್ದು ಅಣ್ಣ, ಬಡಿದಿದ್ದು ತಮ್ಮ. ನಿಮ್ಮ ನಿಮ್ಮ ಜಗಳ ಏನಾದ್ರೂ ಇರ್ಲಿ, ಇಬ್ಬರೂ ಸೇರಿ ಸರಿ ಮಾಡಿಕೊಡಿ.”

ಗೋಡೆಯ ಆಚೆ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು. ಭಾವ ಬಂದರು. ಮೊಣಕಾಲಿನವರೆಗೆ ಇಳಿಬಿದ್ದ ಕೆಲಸದ ಕೋಟು, ಕುತ್ತಿಗೆಗೆ ಮಫ್ಲರು. ಯಾರನ್ನೂ ನೋಡದೆ, ಮರಳಿನ ಮೂಟೆಯನ್ನು ಎಳೆದು ಕೆಳಗೆ ಕೆಡವಲು ಹೋದರು, ಆಗಲಿಲ್ಲ. ನಾನು ಕೈ ಕೊಟ್ಟೆ. ತಮ್ಮ ಹಳೆಯ ಮೂಲೆಯಲ್ಲಿ ಕೂತರು. ಇವರೂ ಮಾತಿಲ್ಲದೆ ಸುಣ್ಣ ಬಳಿದು ಗಾಡಿ ಹತ್ತಿದರು. ನನ್ನ ಜೀವಕ್ಕೆ ಎಷ್ಟು ಹಾಯೆನಿಸಿತು ಎಂದು ಹೇಳಲಾರೆ.

ಗುಂಡಿ ರಸ್ತೆಯಲ್ಲಿ ಇವರು ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರು. ಭಾವ ಮೊದಲಿನ ಹಾಗೇ ಚಕ್ರದ ಕಡೆಗೆ ವಾಲಿದರು. ನಾನು ಕಿವಿಗೊಟ್ಟು ಕೂತೆ. ಸದ್ದಿಲ್ಲ. ಇನ್ನೊಂದು ಸುತ್ತು, ಇನ್ನೂ ಜೋರಾಗಿ. ಊಹೂಂ. ಶೆಡ್ಡಿಗೆ ಬಂದು ಇವರು ಗೂಡಿನೊಳಗೆ ಕೈ ಹಾಕಿ ನೋಡಿದರು. ಬಳಿದ ಸುಣ್ಣ ಬಳಿದ ಹಾಗೇ ಇತ್ತು. “ನನ್ನ ಕಿವಿಯಾರೆ ಕೇಳಿದ್ದೀನಿ, ಉಜ್ಜೋದು ನಿಜ” ಎಂದು ಅಲ್ಲೇ ಕಾದು ನಿಂತಿದ್ದ ಸಿಸ್ಟರ್ ಆಣೆ ಮಾಡುವಂತೆ ಹೇಳಿದರು.

ಉಜ್ಜಲೇಬೇಕಿತ್ತು. ಅಂಥ ಮೈ ಕೂತರೆ ಯಾವ ಗಾಡಿಯೂ ಉಜ್ಜಲೇಬೇಕು. ಇವರು ಸುಣ್ಣದ ಕೈಯಲ್ಲೇ ಸ್ವಲ್ಪ ಹೊತ್ತು ಆ ಚಕ್ರ ನೋಡಿದರು, ಅದರ ಮೇಲೆ ಅಣ್ಣ ಬರೆದಿದ್ದ ‘ಸ್ವಲ್ಪ ಉಜ್ಜುತ್ತೆ’ ನೋಡಿದರು, ಆಮೇಲೆ ತಲೆಯೆತ್ತಿ ಅಣ್ಣನನ್ನು ನೋಡಿದರು. ಮಾವ ಹೋದ ಮೇಲೆ ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಆಗಲೇ. ಕೋಟು ಮೊಳೆಗೆ ನೇತುಹಾಕಿದ ಹಾಗಿತ್ತು. ಮಫ್ಲರಿನ ಮೇಲೆ ಬರೀ ಮೂಳೆ.

“ಎಷ್ಟು ಇಳ್ದುಹೋಗಿದ್ದೀಯ ಅಣ್ಣ” ಎಂದರು.

“ಸ್ವಲ್ಪ” ಎಂದರು ಭಾವ. ಆಮೇಲೆ, ತಪ್ಪು ಮಾಡಿದವರ ಹಾಗೆ, “ಊಟ ಸೇರ್ತಿಲ್ಲ, ಅಷ್ಟೇ.”

ಇವರು ಸುಣ್ಣದ ಡಬ್ಬಿಯನ್ನು ಅಲ್ಲೇ ನೆಲಕ್ಕೆ ಹಾಕಿದರು. ಕೈ ತೊಳೆಯಲಿಲ್ಲ. ಅಣ್ಣನಿಗೆ ಇಳಿಯಬೇಡ ಎಂದು ಸನ್ನೆ ಮಾಡಿ, ಸಿಸ್ಟರ್‌ಗೆ ಹಿಂದೆ ಹತ್ತಲು ಹೇಳಿ, ಜೀಪನ್ನು ಆಸ್ಪತ್ರೆಯ ದಾರಿಗೆ ತಿರುಗಿಸಿದರು. ಹೀಗೆಲ್ಲ ಯಾಕೋ, ಏನೂ ಆಗಿಲ್ಲ ಕಣೋ ಎಂದು ಭಾವ ಹಿಂದಿನಿಂದ ಅನ್ನುತ್ತಲೇ ಇದ್ದರು. ಸಿಸ್ಟರ್ ಅವರ ಪಕ್ಕಕ್ಕೆ ಸರಿದು ನಾಡಿ ಹಿಡಿದು ಕೂತರು. ಸಿಸ್ಟರ್ ಮುಖದಲ್ಲಿ ನನಗೆ ಬೇಕಾದ ಧೈರ್ಯ ಕಾಣಲಿಲ್ಲ.

ಆಸ್ಪತ್ರೆಯ ತಿರುವಿನಲ್ಲಿ ಹಿಂದೆ ಕೂತ ಇಬ್ಬರೂ ಒಂದೇ ಕಡೆಗೆ ವಾಲಿದರು. ಹಿಂದಿನ ಟೈರು ಗರ್ರೆಂದು ಉಜ್ಜಿತು. ಅಭ್ಯಾಸಬಲದಿಂದ ನಾನು, “ಉಜ್ತಾ ಇದೆ ರೀ” ಎಂದೆ.

“ಉಜ್ಜಲಿ” ಎಂದರು. ಗಾಡಿ ನಿಲ್ಲಿಸಲಿಲ್ಲ.